ದೋಣಿ ಬಿಟ್ಟ ಮೇಲೆ

"ಇನ್ನೂ ಯಾರಾದ್ರೂ ಬರೋರಿದ್ದಾರಾ?" ಎಂದು ದೋಣಿಯ ಮುದುಕ ಕೇಳಿದಾಗ ಎಪಿಫಾನಿಯಾ ಇಲ್ಲವೆಂದು ತಲೆಯಾಡಿಸಿದಳು. ತಲೆಯಾಡಿಸಿದ್ದು ತಾನೇ ಎಂಬುದು ಅವಳಿಗೆ ಒಂದು ಕ್ಷಣ ತಡವಾಗಿ ತಿಳಿಯಿತು. ಅಷ್ಟರಲ್ಲಿ ಮುದುಕ ಹಗ್ಗ ಬಿಚ್ಚಿ ಒಳಗೆಸೆದಿದ್ದ, ಇಂಜಿನ್ನು ಕೆಮ್ಮಿ ಹೊಗೆಯುಗುಳಿ ನೀರನ್ನು ಕಲಕತೊಡಗಿತ್ತು. ವಸತಿಗೃಹದ ಗೇಟಿನಲ್ಲಿ, ಕಾಗದದ ಹೂವಿನ ಬಳ್ಳಿಯ ಕೆಳಗೆ, ಅವಳ ಗಂಡ ರುಪೆರ್ತೊ ಕಾಣಿಸಿಕೊಂಡಿದ್ದನ್ನು ಅವಳು ಅದಕ್ಕೂ ಮೊದಲೇ ನೋಡಿದ್ದಳು. ಒಂದು ಕೈ ಮೇಲೆತ್ತಿದ್ದ. ಆ ಕೈಯಲ್ಲಿ ಅವಳು ದಿಂಬಿನ ಕೆಳಗೆ ಮರೆತು ಬಂದಿದ್ದ ಕನ್ನಡಕದ ಡಬ್ಬಿ. ಅದನ್ನು ತರಲೆಂದೇ ದೋಣಿಯ ಬಳಿಯಿಂದ ಮತ್ತೆ ಮೇಲೆ ಹೋಗಿದ್ದ. ಅರವತ್ತನಾಲ್ಕು ವರ್ಷದ ಮನುಷ್ಯ ಓಡುವ ಹಾಗೆ ಓಡಿ ಬರುತ್ತಿದ್ದ. ಭುಜ, ಹೊಟ್ಟೆ, ಮುಖ ಎಲ್ಲ ಓಡುತ್ತಿದ್ದವು, ಕಾಲು ಮಾತ್ರ ನಡೆಯುತ್ತಿದ್ದವು. ಕಲ್ಲಿನ ಮೆಟ್ಟಿಲುಗಳ ತುದಿಗೆ ಅವನು ಬರುವುದರೊಳಗೆ ಅವಳು ಮುಖ ತಿರುಗಿಸಿ ತೋಬಾ ಸರೋವರದ ಆಚೆ ದಡವನ್ನು ನೋಡತೊಡಗಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಸುಮಾತ್ರಾದ ಬೆಟ್ಟಗಳು ಬೆಳಗಿನ ಮಬ್ಬಿನಲ್ಲಿ ನಿನ್ನೆ ಇದ್ದಂತೆಯೇ ಇದ್ದವು. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ಕೂತಿದ್ದ ಇಬ್ಬರು ಹೆಂಗಸರು ತಮ್ಮ ಮಾತಿನಲ್ಲಿ ಮುಳುಗಿದ್ದರು. ಯಾರೂ ನೋಡಿರಲಿಲ್ಲ.

ಗಂಟೆಗೊಂದು ದೋಣಿ ಇದೆಯಲ್ಲ, ಮುಂದಿನದರಲ್ಲಿ ಬರುತ್ತಾನೆ, ಏನಾಗಿಹೋಯಿತು ಎಂದು ತನಗೆ ತಾನೇ ಹೇಳಿಕೊಂಡಳು. ನಾಲ್ಕೂ ಚೀಲಗಳು ಅವಳ ಕಾಲ ಬಳಿ ಇದ್ದವು. ಪಾಸ್‌ಪೋರ್ಟು, ವಿಮಾನದ ಟಿಕೆಟ್ಟು, ಈ ದೇಶದ ಸಿಮ್ ಹಾಕಿದ್ದ ಒಂದೇ ಒಂದು ಫೋನು ಅವನ ಸೊಂಟದ ಚೀಲದಲ್ಲಿ. ಮನೆ ಬಿಟ್ಟು ಎಂಬತ್ತಾರನೆಯ ದಿನವಿದು. ಇನ್ನು ಆಚೆ ದಡದ ಪರಪತ್ ಊರಿನಿಂದ ವ್ಯಾನಿನಲ್ಲಿ ಮೆದಾನ್, ಅಲ್ಲೆರಡು ರಾತ್ರಿ, ಆಮೇಲೆ ವಿಮಾನ, ಆಮೇಲೆ ಫಿಲಿಪೀನ್ಸಿನ ಇಲೊಯಿಲೊದಲ್ಲಿರುವ ತಮ್ಮ ಮನೆ. ಬೆಳಿಗ್ಗೆ ಏನಾದರೂ ಜಗಳವಾಗಿತ್ತೇ ಎಂದು ನೆನಪಿಸಿಕೊಳ್ಳಲು ನೋಡಿದಳು. ಆಗಿದ್ದರೆ ಒಳ್ಳೆಯದಿತ್ತು, ಮಾಡಿದ್ದಕ್ಕೆ ಸೇಡು ಎಂದು ಹೆಸರಿಡಬಹುದಿತ್ತು. ಏನೂ ಆಗಿರಲಿಲ್ಲ. ಎಂದಿನಂತೆ ನಾಲ್ಕಕ್ಕೆ ಎದ್ದು, ಅವಳಿಗೆ ಎಚ್ಚರವಾಗದಿರಲೆಂದು ಬಚ್ಚಲಲ್ಲಿ ದೀಪ ಹಾಕಿಕೊಂಡು, ಚೀಲಗಳ ಜಿಪ್ಪನ್ನು ಒಂದೊಂದಾಗಿ, ನಿಧಾನವಾಗಿ, ಕಳ್ಳನ ಹಾಗೆ ಎಳೆದಿದ್ದ. ಆ ನಿಧಾನಕ್ಕೇ ಅವಳಿಗೆ ಎಚ್ಚರವಾಗಿತ್ತು. ಆರಕ್ಕೆ ಕಾಫಿ ತಂದು "ನಿದ್ದೆ ಬಂತಾ, ಗಾ?" ಎಂದಿದ್ದ. ಅವರ ಕಡೆ ಮುದ್ದಿನವರನ್ನು ಕರೆಯುವುದು ಹಾಗೆ, ಗಾ ಎಂದು. ಎಂಬತ್ತಾರು ದಿನ ಎಂಬತ್ತಾರು ಸಲ ಕೇಳಿದ್ದ. ಬಂತು ಎಂದಿದ್ದಳು. ಒಳ್ಳೆಯ ಮನುಷ್ಯ ಎಂದುಕೊಂಡಿದ್ದಳು, ಆ ಯೋಚನೆಯನ್ನೂ ಕಾಫಿಯ ಜೊತೆ ನುಂಗಿದ್ದಳು.

ಊರಿನಲ್ಲಿ ಎಲ್ಲರೂ ಅವಳನ್ನು ಪಾನಿಂಗ್ ಎನ್ನುತ್ತಿದ್ದರು, ಶಾಲೆಯಲ್ಲಿ ಮಿಸ್ ಪಾನಿಂಗ್. ಮೂವತ್ತು ವರ್ಷ ಭೂಗೋಳ ಕಲಿಸಿದವಳು. ಮದುವೆಯಾಗಿ ಮೂವತ್ತೆರಡು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ರುಪೆರ್ತೊ ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿದ್ದ. ಹತ್ತು ತಿಂಗಳು ಸಮುದ್ರ, ಎರಡು ತಿಂಗಳು ಮನೆ. ಆ ಎರಡು ತಿಂಗಳಲ್ಲಿ ಅವನು ಬರುವ ಸಡಗರಕ್ಕೆ ಎರಡು ವಾರ, ಹೋಗುವ ಅಳುವಿಗೆ ಎರಡು ವಾರ. ನಡುವೆ ಉಳಿದದ್ದರಲ್ಲಿ ಅವನು ಮನೆಯ ಮುರಿದ ಸಾಮಾನುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ, ಮುರಿಯದ್ದನ್ನೂ ಮಾಡುತ್ತಿದ್ದ. ತರಗತಿಯ ಗೋಡೆಯ ಭೂಪಟದಲ್ಲಿ ಅವಳು ಒಂದು ಕೆಂಪು ಗುಂಡುಪಿನ್ನು ಚುಚ್ಚಿದ್ದಳು. ಅವನ ಹಡಗು ಯಾವ ಬಂದರಿನಲ್ಲಿದೆಯೋ ಅಲ್ಲಿಗೆ ಪಿನ್ನು ಹೋಗಬೇಕು. ಮಕ್ಕಳಿಗೆ ಅದೊಂದು ಆಟ. ಸಾರ್ ಇವತ್ತು ಎಲ್ಲಿದ್ದಾರೆ ಮಿಸ್? ಸಾಂತೋಸ್. ಯಾವ ದೇಶ? ಬ್ರೆಜಿಲ್. ಒಂದು ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ರಜೆಯಲ್ಲಿದ್ದ ರುಪೆರ್ತೊನನ್ನೂ ಕರೆದುಕೊಂಡು ಹೋಗಿದ್ದಳು, ಇಸ್ತ್ರಿಯ ಬಿಳಿ ಅಂಗಿ ಹಾಕಿ ಅವನು ತರಗತಿಯ ಬಾಗಿಲಲ್ಲಿ ನಿಂತ ಕೂಡಲೇ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. "ಸಾರ್ ಡರ್ಬನ್ನಲ್ಲಿದ್ದಾರೆ!" ಎಂದು ಒಬ್ಬಳು ಭೂಪಟ ತೋರಿಸಿದಳು. ನಾಲ್ಕು ತಿಂಗಳಿಂದ ಪಿನ್ನು ಅಲ್ಲೇ ಇತ್ತು. ಅವಳು ಮರೆತಿದ್ದಳು. ರುಪೆರ್ತೊ ಎಲ್ಲರಿಗಿಂತ ಜೋರಾಗಿ ನಕ್ಕ. ಸಂಜೆ ಎಲ್ಲರೂ ಹೋದ ಮೇಲೆ, ಅವಳು ಬೀಗ ಹುಡುಕುತ್ತಿದ್ದಾಗ, ಅವನೇ ಪಿನ್ನು ಕಿತ್ತು ಇಲೊಯಿಲೊದ ಮೇಲೆ ಒತ್ತಿ ಒತ್ತಿ ಚುಚ್ಚುತ್ತಿದ್ದುದನ್ನು ಅವಳು ಬೆನ್ನ ಹಿಂದಿನಿಂದ ಕಂಡಳು. ಆದರೂ ಕಾಗದ ಬರೆಯುವಾಗ ಪ್ರತಿ ಕಾಗದದ ಕೊನೆಗೆ ಕೇಳುತ್ತಿದ್ದಳು: ಪೂರ್ತಿಯಾಗಿ ಯಾವಾಗ ಬರುತ್ತೀ? ಆ ಪ್ರಶ್ನೆ ಸುಳ್ಳಾಗಿರಲಿಲ್ಲ. ಬರೆಯುವಾಗ ಅವಳ ಕಣ್ಣು ಒದ್ದೆಯಾಗುತ್ತಿತ್ತು. ಕಾಗದ ಅಂಟಿಸಿ ಅಂಚೆಗೆ ಹಾಕಿ ಮನೆಗೆ ಬಂದು, ಬೇಕಾದ್ದನ್ನು ಬೇಕಾದ ಹೊತ್ತಿಗೆ ಉಂಡು, ಹಾಸಿಗೆಯಲ್ಲಿ ಅಡ್ಡಡ್ಡ ಮಲಗಿ ನಿದ್ದೆ ಹೋಗುತ್ತಿದ್ದಳು.

ಈಗ ಅವನು ಕೆಲಸ ಬಿಟ್ಟು ಪೂರ್ತಿಯಾಗಿ ಬಂದಿದ್ದ. ಬಂದವನು, ನಿನ್ನನ್ನು ಭೂಪಟದಿಂದ ಇಳಿಸಿ ನಿಜವಾದ ಊರುಗಳನ್ನು ತೋರಿಸುತ್ತೇನೆ ಎಂದು ಈ ಪ್ರವಾಸ ಹೂಡಿದ್ದ. ಹೈಫಾಂಗ್, ಹ್ಯೂ, ಬ್ಯಾಂಕಾಕ್, ಪೆನಾಂಗ್, ಸಿಂಗಪುರ. ಮಗಳು ಫೋನಿನಲ್ಲಿ "ಎರಡನೇ ಹನಿಮೂನು ಕಣಮ್ಮಾ" ಎಂದು ನಕ್ಕಿದ್ದಳು. ಮೊದಲನೆಯದೇ ಆಗಿರಲಿಲ್ಲ. ಪ್ರತಿ ಊರಿನಲ್ಲೂ ಅವನು ಒಂದು ಹೆಜ್ಜೆ ಮುಂದೆ ನಡೆಯುತ್ತ, ತಿರುಗಿ ತಿರುಗಿ ಅವಳಿದ್ದಾಳೆಯೇ ಎಂದು ನೋಡುತ್ತ, ಇಲ್ಲಿ ನಾವು ಬಾಯ್ಲರು ಬಿಚ್ಚಿದ್ದು, ಇಲ್ಲಿ ಅಡುಗೆಯವ ಕಳೆದುಹೋಗಿದ್ದು ಎಂದು ಹೇಳುತ್ತಲೇ ಇದ್ದ. ಪೆನಾಂಗಿನಲ್ಲಿ ಅವಳಿಗೆ ಬಸ್‌ಸ್ಟಾಪಿನ ದಾರಿ ತಪ್ಪಿದಾಗ ಅಂಗಡಿಯವನೆದುರು "ನೋಡಪ್ಪಾ, ಮೂವತ್ತು ವರ್ಷ ಭೂಪಟ ಕಲಿಸಿದ ಮಿಸ್ಸು ಇವಳು, ಬಸ್‌ಸ್ಟಾಪ್ ಸಿಗ್ತಿಲ್ಲ!" ಎಂದಿದ್ದ, ಪ್ರೀತಿಯಿಂದಲೇ. ಅಂಗಡಿಯವನು ನಕ್ಕದ್ದು ಅವಳಿಗೆ ಮೂರು ದಿನ ಕಿವಿಯಲ್ಲಿತ್ತು. ಅದಕ್ಕೆ ಸಮನಾಗಿ ಸಿಂಗಪುರದಲ್ಲಿ ಅವನಿಗೂ ಆಯಿತು. ಹಡಗು ಕಂಪನಿಯ ಏಜೆಂಟ್ ತನ್ನ ಖಾಸಾ ಗೆಳೆಯ, ನೋಡಿದ ಕೂಡಲೇ ತಬ್ಬಿಕೊಳ್ಳುತ್ತಾನೆ ಎಂದು ಎರಡು ತಿಂಗಳಿಂದ ಹೇಳಿದ್ದವನು ಅವಳಿಗೆ ಅಲಂಕರಿಸಿಕೊಳ್ಳಲು ಹೇಳಿ ಕರೆದೊಯ್ದಿದ್ದ. ಗಾಜಿನ ಕಿಂಡಿಯ ಹಿಂದಿನ ಮನುಷ್ಯ ತಲೆ ಎತ್ತಿ "ಯಾವ ಹಡಗು?" ಎಂದು ಕೇಳಿದ. ರುಪೆರ್ತೊ ಹಡಗಿನ ಹೆಸರು ಹೇಳಿದ, ವರ್ಷ ಹೇಳಿದ, ತನ್ನ ಹೆಸರು ಹೇಳಿದ, ಒಮ್ಮೆ ಪಂಪು ಸುಟ್ಟುಹೋದ ಕಥೆಯನ್ನೂ ಶುರುಮಾಡಿದ. ಆ ಮನುಷ್ಯ ಮರ್ಯಾದೆಗೆ ನಗುತ್ತಿದ್ದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಇಬ್ಬರೂ ಐಸ್‌ಕ್ರೀಮು ತಿಂದರು. ಅವನ ಐಸ್‌ಕ್ರೀಮು ಕರಗಿ ಮೊಣಕೈವರೆಗೆ ಹರಿಯಿತು, ಒರೆಸಲಿಲ್ಲ. ಆಗ ಅವಳಿಗೆ ಅಯ್ಯೋ ಎನಿಸಿತು. ಹಾಗೆ ಅಯ್ಯೋ ಅನ್ನಿಸುವಂತೆ ಮಾಡಿದ್ದಕ್ಕೆ ಮರುಗಳಿಗೆಯಲ್ಲೇ ಸಿಟ್ಟೂ ಬಂತು. ಇಡೀ ಪ್ರವಾಸದಲ್ಲಿ ಅವಳು ನಿಜವಾಗಿ ಹಗುರಾಗಿದ್ದದ್ದು ಹ್ಯೂನಲ್ಲಿ, ಅವನಿಗೆ ಮೂರು ದಿನ ಜ್ವರ ಬಂದಾಗ. ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಗಂಜಿ ಕುಡಿಸಿದಳು, ಅವನು ಮಲಗಿದ್ದಾಗ ಕಿಟಕಿಯ ಬಳಿ ಕೂತು ಬೀದಿ ನೋಡಿದಳು. ಅವನು ಮಾತಾಡುತ್ತಿರಲಿಲ್ಲ. ನಾಲ್ಕನೆಯ ದಿನ ಜ್ವರ ಬಿಟ್ಟು "ಎಲ್ಲಿಗೆ ಹೋಗೋಣ ಇವತ್ತು, ಗಾ?" ಎಂದು ಎದ್ದು ಕೂತಾಗ ಅವಳ ಎದೆಯಲ್ಲಿ ಏನೋ ಕುಸಿದದ್ದನ್ನು ಅವಳು ಯಾರಿಗೂ, ತಪ್ಪೊಪ್ಪಿಗೆಯ ಪಾದ್ರಿಗೂ ಹೇಳಲಾರಳು.

ಪರಪತ್ತಿನ ದಕ್ಕೆಯಲ್ಲಿ ದೋಣಿಯ ಮುದುಕನೇ ಚೀಲಗಳನ್ನು ಒಂದು ಕಾಫಿ ಅಂಗಡಿಯ ಮುಂದೆ ಇಳಿಸಿಕೊಟ್ಟ. ಅಂಗಡಿಯಾಕೆ ದಪ್ಪ ಹೆಂಗಸು, ಬಾಯ್ತುಂಬ ಎಲೆಯಡಿಕೆ, ತುಟಿಯೆಲ್ಲ ಕೆಂಪು. ಹೆಸರು ತಿಯುರ್ಮಾ ಎಂದು ಕೇಳದೆಯೇ ಹೇಳಿದಳು. ಈ ಕಡೆಯ ಬಾತಾಕ್ ಜನಾಂಗದ ಹೆಂಗಸರ ಮಾತು ಜಗಳದ ಹಾಗೆ ಕೇಳಿಸುತ್ತದೆ; ಅದು ಜಗಳವಲ್ಲವೆಂದು ಇಲ್ಲಿಗೆ ಬಂದ ಎಂಟು ದಿನದಲ್ಲಿ ಪಾನಿಂಗ್‌ಗೆ ಅಭ್ಯಾಸವಾಗಿತ್ತು. ಗಂಡನಿಂದ ಕಲಿತ ಬಂದರಿನ ಮಲಯ್ ಮಾತು ಅರ್ಧ, ಕೈಸನ್ನೆ ಅರ್ಧ, ಎರಡೂ ಕಡೆಯ ಭಾಷೆಗಳಲ್ಲಿ ಒಂದೇ ಆಗಿರುವ ಕೆಲವು ಪದ, ಹೀಗೆ ಮಾತು ನಡೆಯುತ್ತಿತ್ತು. ಕಣ್ಣಿಗೆ ಇಬ್ಬರೂ ಮಾತಾ ಎನ್ನುತ್ತಿದ್ದರು, ಆಕಾಶಕ್ಕೆ ಲಾಂಗಿತ್.

"ಎಲ್ಲಿಂದ ಬಂದ್ಯಮ್ಮಾ, ಇಷ್ಟು ಹೊರೆ ಹೊತ್ಕೊಂಡು?"

"ಫಿಲಿಪೀನ್ಸು."

"ಅಷ್ಟು ದೂರಾನಾ! ಗಂಡ ಎಲ್ಲಿ?"

ಪಾನಿಂಗ್ ಬಾಳೆಹಣ್ಣಿನ ಬೋಂಡದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಮನೇಲಿ" ಎಂದಳು.

"ಒಬ್ಬಳೇ ಬಂದ್ಯಾ? ಹೆದ್ರಿಕೆ ಆಗಲ್ವಾ?"

"ಅಭ್ಯಾಸ ಆಗಿದೆ."

"ಎಂಥ ಗಟ್ಟಿಗಿತ್ತಿಯೇ ತಾಯಿ!" ತಿಯುರ್ಮಾ ಕೈಯಲ್ಲಿದ್ದ ಸೌಟನ್ನು ಅವಳತ್ತ ಅಲ್ಲಾಡಿಸಿದಳು. "ನಾನು ಈ ಅಂಗಡಿ ಬಿಟ್ಟು ಆ ಬಸ್‌ಸ್ಟ್ಯಾಂಡಿಗೆ ಹೋದ್ರೆ ನಮ್ಮೋನು ಊರೆಲ್ಲ ಹುಡುಕ್ತಾನೆ. ಪ್ರೀತಿ ಅನ್ಕೋಬೇಡ, ಬೆಂಕಿಪೊಟ್ಣ ಎಲ್ಲಿದೆ ಅಂತ ಕೇಳಕ್ಕೆ!" ಎಂದು ತನ್ನ ಮಾತಿಗೆ ತಾನೇ ನಕ್ಕು, ಕಾಫಿಯ ಲೋಟ ಕುಕ್ಕಿ, ಹಣ ಆಮೇಲೆ ಕೊಡು ಎಂದು ಒಳಗೆ ಹೋದಳು.

ಅಭ್ಯಾಸ ಆಗಿದೆ ಎಂದದ್ದು ಸುಳ್ಳಲ್ಲವಲ್ಲ ಎಂದು ಪಾನಿಂಗ್ ಲೆಕ್ಕ ಹಾಕಿದಳು. ಆ ಒಂದು ಗಂಟೆ ಅವಳು ಏನೂ ಮಾಡಲಿಲ್ಲ. ನೀರಿನ ಮೇಲೆ ಬಿಸಿಲು ಜರುಗುವುದನ್ನು ನೋಡಿದಳು. ಯಾರೂ ನೋಡು ನೋಡು ಎನ್ನಲಿಲ್ಲ. ಕಾಫಿ ಆರಿತು, ಆರಿದ್ದನ್ನು ಕುಡಿದಳು. ಮೇಲಿನ ರಸ್ತೆಯ ಚರ್ಚಿನಲ್ಲಿ ಹೆಂಗಸರು ಹಾಡು ಅಭ್ಯಾಸ ಮಾಡುತ್ತಿದ್ದರು. ಒಂದೇ ಸಾಲನ್ನು ತಪ್ಪಿ ತಪ್ಪಿ ಮತ್ತೆ ಹಾಡುತ್ತಿದ್ದರು. ಆ ತಪ್ಪು ಎಲ್ಲಿ ಬೀಳುತ್ತಿದೆ ಎಂದು ಅವಳಿಗೆ ತಿಳಿಯಿತು, ಎರಡನೆಯ ದನಿಯವರು ಅವಸರ ಮಾಡುತ್ತಿದ್ದರು. ಅವಳ ಬಳಿ ಪಾಸ್‌ಪೋರ್ಟು ಇರಲಿಲ್ಲ, ಫೋನು ಇರಲಿಲ್ಲ, ಓದಲು ಕನ್ನಡಕವೂ ಇರಲಿಲ್ಲ. ಎಷ್ಟೋ ವಾರಗಳ ನಂತರ ಮೈ ತನ್ನದಾದಂತೆ ಇತ್ತು. ಇದು ಸಂತೋಷವೇ ಎಂದು ಕೇಳಿಕೊಂಡಳು. ಹೌದು ಎಂದಿತು ಮನಸ್ಸು, ನಾಚಿಕೆಯಿಲ್ಲದೆ.

ಮುಂದಿನ ದೋಣಿ ಬಂತು. ಅವನು ಅದರಲ್ಲಿರಲಿಲ್ಲ. ಇಳಿದವರನ್ನು ಒಬ್ಬೊಬ್ಬರಾಗಿ ನೋಡಿದಳು, ಕೊನೆಗೆ ಕೋಳಿಯ ಪಂಜರ ಇಳಿಯಿತು. ಮೊದಲು ಅನಿಸಿದ್ದು ಇನ್ನೊಂದು ಗಂಟೆ ಸಿಕ್ಕಿತು ಎಂದು. ಅದಾದ ಮೇಲೆ ಅನಿಸಿದ್ದು ಬೇರೆ. ಸಮಯಕ್ಕೆ ಐದು ನಿಮಿಷ ಮೊದಲು ದಕ್ಕೆಯಲ್ಲಿ ನಿಲ್ಲುವ ಮನುಷ್ಯ ಅವನು. ಒಂದು ದೋಣಿ ತಪ್ಪಿದರೆ ಮುಂದಿನದು ಬರುವವರೆಗೆ ಕಂಬದ ಹಾಗೆ ಅಲ್ಲೇ ನಿಲ್ಲುವವನು. ಮೆಟ್ಟಿಲುಗಳು ಬೆಳಗಿನ ಇಬ್ಬನಿಗೆ ಜಾರುತ್ತಿದ್ದುದು ಆಗ ನೆನಪಾಯಿತು. ಚೀಲ ಹೊತ್ತು ಇಳಿಯುವಾಗ ಅವನೇ ಅವಳ ಮೊಣಕೈ ಹಿಡಿದು "ಇಲ್ಲಿ ಪಾಚಿ ಇದೆ, ಹುಷಾರು" ಎಂದಿದ್ದ. ತಾನು ಮುಖ ತಿರುಗಿಸಿದ ಮೇಲೆ ಏನಾಯಿತು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದಕ್ಕೆ ಖಾಲಿ. ಆ ಖಾಲಿಯಲ್ಲಿ ಅವನು ಬಿದ್ದ, ತಲೆಯೊಡೆದ, ನೀರಿಗೆ ಜಾರಿದ, ಎದೆ ಹಿಡಿದುಕೊಂಡು ಕೂತ. ಬಗೆಬಗೆಯಾಗಿ ಸತ್ತ. ಪ್ರತಿ ಸಲವೂ ಕನ್ನಡಕದ ಡಬ್ಬಿ ಕೈಯಲ್ಲೇ ಇತ್ತು. ಅವಳು ಎದ್ದು ದಕ್ಕೆಯ ತುದಿಗೆ ಹೋದಳು, ಚೀಲಗಳ ನೆನಪಾಗಿ ತಿರುಗಿ ಬಂದಳು. ಪ್ರಾರ್ಥನೆ ಮಾಡೋಣವೆಂದು ಕಣ್ಣು ಮುಚ್ಚಿದರೆ, ಬಾಯಿಗೆ ಬಂದ ಮೊದಲ ಮಾತು ಅವನು ಬದುಕಿರಲಿ ಎಂಬುದಾಗಿರಲಿಲ್ಲ. ಅವನು ನನ್ನನ್ನು ನೋಡದೇ ಇದ್ದಿರಲಿ ಎಂಬುದಾಗಿತ್ತು. ಅದನ್ನು ನುಂಗಿ, ಸರಿಯಾದ ಮಾತನ್ನು ಹುಡುಕಿ ಹೇಳಿದಳು. ಹೇಳಿದ ಕ್ರಮ ದೇವರಿಗೆ ಕೇಳಿಸಿರುತ್ತದೆ ಎಂದು ಹೆದರಿದಳು.

"ಯಾರನ್ನ ಕಾಯ್ತಿದ್ದೀಯಾ?" ತಿಯುರ್ಮಾ ಕೇಳಿದಳು.

"ವ್ಯಾನು."

"ವ್ಯಾನು ನೀರಲ್ಲಿ ಬರಲ್ಲ ಕಣೇ. ಆ ಕಡೆಯಿಂದ ಬರೋದು."

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಮೂರನೆಯ ದೋಣಿ ಬಂತು. ರುಪೆರ್ತೊ ಅದರ ಮುಂದಿನ ತುದಿಯಲ್ಲಿ ನಿಂತಿದ್ದ. ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿ ಪಟ್ಟಿ, ಕೊರಳಿಗೆ ಯಾರದೋ ಹೂವಿನ ಚಿತ್ರದ ಬಟ್ಟೆಯ ಜೋಲಿ. ಪ್ಯಾಂಟಿನ ಮಂಡಿ ಹರಿದಿತ್ತು. ಅವಳನ್ನು ಕಂಡ ಕೂಡಲೇ ಬಲಗೈ ಎತ್ತಿ ಕನ್ನಡಕದ ಡಬ್ಬಿ ತೋರಿಸಿದ. ದೋಣಿ ದಕ್ಕೆಗೆ ತಾಗುವುದಕ್ಕೂ ಮುಂಚೆಯೇ ಕೂಗತೊಡಗಿದ: "ಏನೂ ಆಗಿಲ್ಲ, ಗಾ! ಏನೂ ಆಗಿಲ್ಲ! ಕನ್ನಡಕ ಒಡೆದಿಲ್ಲ!"

ಹತ್ತಿರ ಬಂದು ಅವಳನ್ನು ಕೂರಿಸಿದ, ಹೆದರಿದವಳು ಅವಳೇ ಎಂಬಂತೆ. ಹೇಳುತ್ತಲೇ ಹೋದ. ಮೆಟ್ಟಿಲು ಜಾರಿತು, ಈ ಕೈಲಿ ಡಬ್ಬಿ ಇತ್ತಲ್ಲ, ಅದಕ್ಕೆ ಆ ಕೈ ಊರಿದೆ, ಲಾಡ್ಜಿನ ಅಮ್ಮ ದವಾಖಾನೆಗೆ ಕರೆದುಕೊಂಡು ಹೋದಳು, ಮೂಳೆ ಬಿರುಕು ಬಿಟ್ಟಿದೆಯಂತೆ, ಮುರಿದಿಲ್ಲವಂತೆ. "ನಾನು ಕೈಯೆತ್ತಿದೆ, ಕೂಗ್ದೆ. ನಿಂಗೆ ಇಂಜಿನ್ ಸದ್ದಿಗೆ ಕೇಳಿಸಿರಲ್ಲ. ಬಿಸಿಲು ಬೇರೆ ನಿನ್ನ ಕಣ್ಣಿಗೇ ಹೊಡೀತಿತ್ತು, ನೋಡ್ದೆ ನಾನು. ಆ ಮುದುಕನಿಗೆ ಬುದ್ಧಿ ಬೇಡ್ವಾ, ಜನ ಎಣಿಸಬೇಕು ಅಂತ?" ಬೆಳಿಗ್ಗೆ ಗೇಟಿನ ಕಡೆ ನೋಡಿದಾಗ ಬಿಸಿಲು ಅವಳ ಬೆನ್ನಿಗಿತ್ತು. ಅವನೂ ಮೂವತ್ತೊಂದು ವರ್ಷ ದಿಕ್ಕುಗಳ ನಡುವೆ ಬದುಕಿದವನು. ಅವಳು ಪಟ್ಟಿಯ ಮೇಲೆ ಬೆರಳಿಟ್ಟು "ನೋವಾ?" ಎಂದಳು. "ಇಲ್ಲ" ಎಂದ.

ತಿಯುರ್ಮಾ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು. ಅವನನ್ನು ಮೇಲಿಂದ ಕೆಳಗೆ, ಅವಳನ್ನು ಕೆಳಗಿಂದ ಮೇಲೆ ನೋಡಿದಳು.

"ಇವನ್ಯಾರಮ್ಮ?"

ಪಾನಿಂಗ್ ಕಾಲ ಬಳಿಯ ಚೀಲವೊಂದನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಗಂಡ" ಎಂದ ರುಪೆರ್ತೊ, ಮಲಯ್‌ನಲ್ಲಿ, ಹೆಮ್ಮೆಯಿಂದ.

"ಗಂಡ ಮನೇಲಿದ್ದಾನೆ, ನಾನೊಬ್ಬಳೇ ಬಂದಿದ್ದೀನಿ ಅಂದಳಲ್ಲ ಇವಳು!"

ಎಣ್ಣೆಯ ಬಾಣಲೆಯಲ್ಲಿ ಬೋಂಡ ಚುರ್ರೆನ್ನುತ್ತಿತ್ತು. ರುಪೆರ್ತೊ ಹೆಂಡತಿಯ ಕಡೆ ನೋಡಲಿಲ್ಲ. ಅವನ ಮುಖದಲ್ಲಿ ನಗು ಹಾಗೆಯೇ ಇತ್ತು, ಆದರೆ ಅದರ ಹಿಂದಿನದೆಲ್ಲ ಎಲ್ಲಿಗೋ ಹೊರಟುಹೋಗಿತ್ತು. ಒಂದು ಉಸಿರು ತಡೆದು "ಮನೆಯಿಂದಾನೇ ಬಂದೆ, ಈಜ್ಕೊಂಡು. ನೋಡು, ಕೈ ಮುರ್ಕೊಂಡೆ" ಎಂದ. ತಿಯುರ್ಮಾ ಹೊಟ್ಟೆ ಹಿಡಿದು ನಕ್ಕಳು. ಕಾಫಿ, ಬೋಂಡದ ಹಣ ಕೊಟ್ಟು ಅವನು ಒಂದೇ ಕೈಯಲ್ಲಿ ಎರಡು ಚೀಲ ಎತ್ತಿಕೊಂಡ. ಬೇಡ ಎಂದು ಅವಳು ಕೈ ಚಾಚಿದರೆ ಚೀಲವನ್ನು ಆ ಬದಿಯಿಂದ ಈ ಬದಿಗೆ ಬದಲಿಸಿದ.

ಮಧ್ಯಾಹ್ನ ಒಂದಕ್ಕೆ ಹೊರಟ ವ್ಯಾನಿನಲ್ಲಿ ಮೆದಾನಿನ ಒಂದು ಸಂಸಾರವಿತ್ತು, ತಾಯಿ ತಂದೆ, ಸೊಸೆ. ಕೈಗೆ ಏನಾಯಿತೆಂದು ಅವರು ಕೇಳಿದರು. ರುಪೆರ್ತೊ ಕಥೆ ಹೇಳಿದ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ನನ್ನನ್ನು ಬಿಟ್ಟು ಹಡಗು ಹೋಗಿಲ್ಲ, ಇವತ್ತು ನೋಡಿ, ನನ್ನ ಕ್ಯಾಪ್ಟನ್ನೇ ಬಿಟ್ಟು ಹೋದಳು, ಎಂದು ಗಲ್ಲದಿಂದ ಅವಳ ಕಡೆ ತೋರಿಸಿದ. ಎಲ್ಲರೂ ನಕ್ಕರು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪಾನಿಂಗ್ ಕೂಡ ನಗಬೇಕಾಯಿತು. ತನ್ನ ನಗು ಉಳಿದವರದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಉಳಿದದ್ದು ಅವಳಿಗೇ ಕೇಳಿಸಿತು. ದಾರಿಯ ಸಿಯಾಂತಾರ್ ಊರು ದಾಟುವವರೆಗೆ ಅವನು ಆ ತಂದೆಯ ಜೊತೆ ಇಂಜಿನ್ನುಗಳ ಬಗ್ಗೆ ಮಾತಾಡಿದ. ಆಮೇಲೆ ಅವರೆಲ್ಲ ನಿದ್ದೆ ಹೋದರು, ಅವನು ಹೋಗಲಿಲ್ಲ. ಕಿಟಕಿಯ ಆಚೆ ಎಣ್ಣೆತಾಳೆಯ ಸಾಲುಗಳು ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ನೋಡು ಎನ್ನಲಿಲ್ಲ. ಇಲ್ಲೊಮ್ಮೆ ಏನಾಯಿತು ಗೊತ್ತಾ ಎನ್ನಲಿಲ್ಲ. ಎಂಬತ್ತಾರು ದಿನಗಳಲ್ಲಿ ಮೊದಲ ಸಲ ಅವನು ಅವಳ ಪಕ್ಕದಲ್ಲಿ ಸುಮ್ಮನೆ ಕೂತಿದ್ದ. ಅವಳು ಬಯಸಿದ್ದು ಈ ಮೌನವನ್ನೇ ಅಲ್ಲವೇ? ಅದು ಸಿಕ್ಕಿದಾಗ ಅದರಲ್ಲಿ ಕೂರಲು ಜಾಗವಿರಲಿಲ್ಲ. ಅವನ ಮಂಡಿಯ ಹರಿದ ಬಟ್ಟೆಯೊಳಗೆ ಒಣಗಿದ ರಕ್ತ, ಅದರಲ್ಲಿ ಅಂಟಿದ ಹಸಿರು ಪಾಚಿಯ ಚೂರು. ಅದನ್ನು ಉಗುರಿನಿಂದ ತೆಗೆಯಬೇಕೆಂದು ಅವಳಿಗೆ ಅನಿಸುತ್ತಲೇ ಇತ್ತು, ನಾಲ್ಕು ಗಂಟೆಯ ದಾರಿಯುದ್ದಕ್ಕೂ. ಕೈ ಏಳಲಿಲ್ಲ.

ಮೆದಾನ್ ತಲುಪುವಾಗ ಸಂಜೆ ಐದಾಗಿತ್ತು. ಹೋಟೆಲಿನ ಕೋಣೆ ಎರಡನೆಯ ಮಹಡಿಯಲ್ಲಿ, ಕೆಳಗೆ ಗಾಡಿಗಳ ಗದ್ದಲ, ಸುಟ್ಟ ಮೀನಿನ ವಾಸನೆ. ಅವನು ಮಂಚದ ತುದಿಯಲ್ಲಿ ಕೂತು ಒಂದೇ ಕೈಯಲ್ಲಿ ಅಂಗಿಯ ಗುಂಡಿ ಬಿಚ್ಚಲು ನೋಡುತ್ತಿದ್ದ. ಮೊದಲನೆಯದು ಬಿಚ್ಚಿತು, ಎರಡನೆಯದು ಬರಲಿಲ್ಲ. ಕರೆಯಲಿಲ್ಲ. ಅವಳು ಸ್ವಲ್ಪ ಹೊತ್ತು ನೋಡಿದಳು, ಅವನ ಹೆಬ್ಬೆರಳು ಗುಂಡಿಯನ್ನು ತೂತಿನ ಬಳಿ ತಂದು ಮತ್ತೆ ಜಾರಿಸುವುದನ್ನು. ಎದುರು ಹೋಗಿ ಮಂಡಿಯೂರಿ ಕೂತಳು. ಅವನು ಕೈ ಕೆಳಗಿಳಿಸಿದ.

"ಪೆರ್ತೊ, ನಾನು ನಿನ್ನ ನೋಡಿದೆ. ಬೆಳಿಗ್ಗೆ."

ಅವನು ಕಿಟಕಿಯ ಕಡೆ ನೋಡುತ್ತಿದ್ದ. "ಎಲ್ಲಿಂದ?"

"ಗೇಟಿಂದಾನೇ. ಮುದುಕ ಕೇಳ್ದ, ಇನ್ಯಾರಾದ್ರೂ ಬರೋರಿದ್ದಾರಾ ಅಂತ. ಇಲ್ಲ ಅಂದೆ."

"ಬಿದ್ದಿದ್ದು ನೋಡಿದ್ಯಾ?"

"ಇಲ್ಲ. ದೇವರಾಣೆಗೂ ಇಲ್ಲ. ಅಷ್ಟೊತ್ತಿಗೆ ಆ ಕಡೆ ತಿರುಗಿದ್ದೆ."

ಅವನು ಅದನ್ನು ಒಪ್ಪಿಕೊಂಡಂತೆ ಕಾಣಿಸಿತು, ಒಂದು ಅಳತೆಯನ್ನು ಒಪ್ಪಿಕೊಳ್ಳುವ ಹಾಗೆ. "ಕೋಪ ಇತ್ತಾ?"

"ಇರಲಿಲ್ಲ."

"ಇದ್ದಿದ್ರೆ ಚೆನ್ನಾಗಿತ್ತು" ಎಂದ.

ಅವಳು ಅಳಲಿಲ್ಲ. ಅತ್ತರೆ ಅವನು ಸಮಾಧಾನ ಮಾಡುತ್ತಾನೆ, ಅದು ಅವಳಿಗೆ ಬೇಡವಾಗಿತ್ತು. ಎರಡನೆಯ ಗುಂಡಿ ಬಿಚ್ಚಿದಳು. ಅವನ ಎದೆಯ ಮೇಲೆ, ಹಿಂದೊಮ್ಮೆ ಹಬೆಯ ಕೊಳವೆ ಸುಟ್ಟ ಗುರುತು ಹೊಳೆಯುತ್ತಿತ್ತು; ಯಾವ ವರ್ಷದ್ದು ಎಂದು ಅವಳಿಗೆ ನೆನಪಾಗಲಿಲ್ಲ. ಯಾವುದೋ ಮಸೀದಿಯ ಸಂಜೆಯ ಕೂಗು ಶುರುವಾಯಿತು, ಇನ್ನೊಂದು ಮಸೀದಿಯದು ಅದರ ಹಿಂದೆ. ಅವಳು ಮೂರನೆಯ ಗುಂಡಿಗೆ ಕೈ ಹಾಕಿದಳು.

"ಮಂಗಳವಾರ ಮನೆ ಸೇರ್ತೀವಿ" ಎಂದ ಅವನು. "ಆ ಮನೇಲಿ ಅಕ್ಕಿ ಎಲ್ಲಿಡ್ತೀಯ ಅಂತಾನೂ ನಂಗೆ ಗೊತ್ತಿಲ್ಲ. ಹಡಗಲ್ಲಾದ್ರೆ ಕಣ್ಣು ಕಟ್ಟಿ ಬಿಟ್ರೂ ಯಾವ ವಾಲ್ವು ಎಲ್ಲಿದೆ ಹೇಳ್ತಿದ್ದೆ. ಮನೆಗೆ ಬಂದಾಗೆಲ್ಲ ನೀನು ಬಡಿಸಿಡ್ತಿದ್ದೆ, ಹೊಸ ಟವೆಲ್ಲು ಕೊಡ್ತಿದ್ದೆ. ನೆಂಟರಿಗೆ ಕೊಡೋ ಥರ. ನಾನೂ ನೆಂಟರ ಥರಾನೇ ಇರ್ತಿದ್ದೆ, ಏನಾದ್ರೂ ರಿಪೇರಿ ಮಾಡಿದ್ರೆ ಇರಿಸ್ಕೋತಾರೇನೋ ಅಂತ."

ಅದನ್ನು ಅವನು ದೂರಿನಂತೆ ಹೇಳಲಿಲ್ಲ. ಅವಳು ಕ್ಷಮೆ ಕೇಳುವ ಬದಲು, "ಅಕ್ಕಿ ಮೆಟ್ಟಿಲ ಕೆಳಗೆ, ನೀಲಿ ಡ್ರಮ್ಮಲ್ಲಿ" ಎಂದಳು.

"ಮುಚ್ಚಳ ಇರೋದಾ?"

"ಮುಚ್ಚಳದ ಮೇಲೆ ಕಲ್ಲಿಟ್ಟಿರ್ತೀನಿ, ಇಲಿ ಬರುತ್ತೆ. ಉಪ್ಪು ಒಲೆ ಪಕ್ಕದ ಗೂಡಲ್ಲಿ. ಒಣಮೀನು ಹಿಂದಿನ ತಂತೀಲಿ. ಕರೆಂಟು ಹೋದ್ರೆ ಬ್ಯಾಟರಿ ದೇವರ ಪಟದ ಹಿಂದೆ."

ಅವನು ಒಂದೊಂದನ್ನೂ ತುಟಿಯಲ್ಲೇ ಮರಳಿ ಹೇಳಿಕೊಳ್ಳುತ್ತಿದ್ದ. ತರಗತಿಯ ಹಿಂದಿನ ಬೆಂಚಿನ ಮಕ್ಕಳು ದೇಶಗಳ ರಾಜಧಾನಿ ಕಲಿಯುವುದು ಹೀಗೆಯೇ. ಹಾಲ್, ಅಡುಗೆಮನೆ, ಬಚ್ಚಲು, ಬಟ್ಟೆಯ ಬೀರು, ಎಲ್ಲ ಆಯಿತು. ಹೇಳುತ್ತ ಹೋದಂತೆ ಆ ಮನೆಯೆಷ್ಟು ಬಿಗಿಯಾಗಿ ಒಬ್ಬಳ ಅಳತೆಗೆ ಹೊಲಿದದ್ದು ಎಂದು ಅವಳಿಗೇ ಕಾಣತೊಡಗಿತು. ಎಲ್ಲಿಯೂ ಒಂದು ಗೂಟ ಹೆಚ್ಚಿಗೆ ಇರಲಿಲ್ಲ. ಕಾಣುತ್ತಿದ್ದಂತೆ ದನಿ ಸಣ್ಣದಾಯಿತು, ನಿಲ್ಲಿಸಿದಳು.

"ಹಿತ್ತಲ ಕಡೆ ಒಂದು ಸಣ್ಣ ಕೋಣೆ ಇದೆಯಲ್ಲ?" ಎಂದ ಅವನು.

"ಅದು ನಂದು."

"ಏನಿದೆ ಅದರಲ್ಲಿ?"

"ಏನಿಲ್ಲ. ಮೇಜು, ಕುರ್ಚಿ, ಕಿಟಕಿ. ಮಧ್ಯಾಹ್ನ ಹೋಗಿ ಕೂತಿರ್ತೀನಿ."

"ಏನ್ ಮಾಡ್ತಾ?"

"ಏನೂ ಮಾಡದೆ."

ಕೆಳಗೆ ಯಾರೋ ಗಾಡಿಯ ಹಾರನ್ನು ಒತ್ತಿ ಹಿಡಿದು ಬಿಟ್ಟರು. "ಕುರ್ಚಿ ಒಂದೇನಾ?"

"ಒಂದೇ."

"ಬರಬೇಕು ಅನ್ಸಿದ್ರೆ ಬಾಗಿಲು ತಟ್ಟಬೇಕಾ?"

"ತಟ್ಟಬೇಕು."

"ತಟ್ಟಿದ್ರೆ ತೆಗೀತೀಯಾ?"

ಕೊನೆಯ ಗುಂಡಿ ಅವಳ ಬೆರಳುಗಳ ನಡುವೆ ಇತ್ತು. ಹೌದು ಎನ್ನುವುದು ಸುಲಭವಾಗಿತ್ತು, ಆ ಹೌದು ಅವಳ ನಾಲಗೆಯ ತುದಿಗೇ ಬಂದು ನಿಂತಿತ್ತು. ಅವನ ಮುಖ ನೋಡಿದಳು. ದಾರಿಯುದ್ದಕ್ಕೂ ಅವಳ ಮೇಲೆ ಬೀಳದಿದ್ದ ಆ ಕಣ್ಣುಗಳು ಈಗ ನೇರವಾಗಿ ಅವಳನ್ನು ನೋಡುತ್ತಿದ್ದವು, ದಣಿದಿದ್ದವು, ಕಾಯುತ್ತಿದ್ದವು.

"ಕೆಲವು ಸಲ" ಎಂದಳು.

ಅವನು ಪಟ್ಟಿ ಕಟ್ಟಿದ ಕೈಯನ್ನು ಜೋಲಿಯಿಂದ ತೆಗೆದು, ಹಲ್ಲು ಕಚ್ಚಿ, ಅವಳ ಮುಂದೆ ಚಾಚಿದ. ಅವಳು ತೋಳಿನ ತುದಿ ಹಿಡಿದು ಅಂಗಿಯನ್ನು ನಿಧಾನವಾಗಿ ಎಳೆಯತೊಡಗಿದಳು.